ಎಲ್ಲದಕ್ಕೂ ಮೇಲೆ ಇಡುವ ಬಟ್ಟೆ

ಸೊಸೆ ಕೆಲಸ ಮಾಡುತ್ತಿದ್ದ ಬ್ಯಾಗಿನ ಅಂಗಡಿಯಲ್ಲಿ ಅವಳಿಗೆ ದೊಡ್ಡ ಹೆಸರು. ಯಾರಾದರೂ ಗಿರಾಕಿ ಬಂದು, ಇಷ್ಟು ಚಿಕ್ಕ ಬ್ಯಾಗಿನಲ್ಲಿ ವಾರದ ಬಟ್ಟೆ ಹಿಡಿಯುತ್ತಾ ಎಂದು ಮೂಗು ಮುರಿದರೆ ಸಾಕು, ಮಾಲೀಕ ಅವಳತ್ತ ಕೈ ತೋರಿಸಿ ತಾನು ಹಾಯಾಗಿ ಕೂತುಬಿಡುತ್ತಿದ್ದ. ಅವಳು ಕೌಂಟರಿನ ಕೆಳಗಿಂದ ಬಟ್ಟೆಯ ರಾಶಿ ತೆಗೆದು, ಅಂಗಿಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಸುತ್ತಿದ್ದನ್ನು ಸಾಲಾಗಿ ನಿಲ್ಲಿಸಿ, ಶೂಗಳ ಹೊಟ್ಟೆಗೆ ಕಾಲುಚೀಲ ತುರುಕಿ, ಕೊನೆಗೆ ಜಿಪ್ಪನ್ನು ಒಂದೇ ಬೆರಳಿನಲ್ಲಿ ಎಳೆದು ಮುಚ್ಚಿ ತೋರಿಸುತ್ತಿದ್ದಳು. ಗಿರಾಕಿ ಮರುಮಾತಿಲ್ಲದೆ ಬ್ಯಾಗು ಕೊಳ್ಳುತ್ತಿದ್ದ. ಮನೆಯಲ್ಲಿ ಗಂಡ ಅವಳನ್ನು ಪ್ಯಾಕಿಂಗ್ ಪಂಡಿತೆ ಎಂದು ರೇಗಿಸುವುದಿತ್ತು. ಅವನು ರೇಗಿಸಿದಷ್ಟೂ ಅವಳಿಗೆ ಒಳಗೊಳಗೇ ಖುಷಿ.

ಇಂಥವಳ ಕೈಗೂ ಬಗ್ಗದ ವಸ್ತು ಆ ಮನೆಯಲ್ಲಿ ಒಂದೇ ಒಂದಿತ್ತು. ಅದು ಅತ್ತೆಯ ಬಿಳಿ ದುಪ್ಪಟಿ.

ಅತ್ತೆ ಹರೆಯದಲ್ಲಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದವರು. ಅಲ್ಲಿಂದ ಹೊರಗೆ ಬಂದದ್ದು ತಲೆ ಬೆಳ್ಳಗಾದ ಮೇಲೆಯೇ. ಬಿಸಿ ಆವಿ, ಸೋಪಿನ ನೀರು, ಮತ್ತೆ ಮತ್ತೆ ಬಂದು ಬೀಳುವ ಬಿಳಿ ಬಟ್ಟೆಯ ಗುಡ್ಡೆ, ಅವರ ಆಯುಸ್ಸೆಲ್ಲ ಅದರಲ್ಲೇ ಸವೆದಿತ್ತು. ಯಾವ ಬಟ್ಟೆಯನ್ನು ಕೈಗೆ ಕೊಟ್ಟರೂ ಕಣ್ಣು ಮುಚ್ಚಿಕೊಂಡು ಸವರಿ, ಇದು ಹಳೇದು, ಇದನ್ನು ಸರಿಯಾಗಿ ಕುದಿಸಿಲ್ಲ, ಇದಕ್ಕೆ ಇಸ್ತ್ರಿ ಮಾಡಿದವನು ಸೋಮಾರಿ ಎಂದು ಜಾತಕ ಹೇಳಿಬಿಡುತ್ತಿದ್ದರು. ಕೆಲಸ ಬಿಟ್ಟ ಮೇಲೆ ಅವರು ಮೊದಲು ಮಾಡಿದ್ದೆಂದರೆ ದಪ್ಪ ಹತ್ತಿಯ ಬಟ್ಟೆ ಕೊಂಡು ತಂದದ್ದು. ಅದರ ಅಂಚನ್ನು ಕೈಯಲ್ಲೇ ಸಣ್ಣಗೆ ಹೊಲಿದು, ಒಂದು ಮೂಲೆಗೆ ಗುರುತಿಗೆಂದು ದಾರದ ಪುಟ್ಟ ಗಂಟು ಹಾಕಿದರು.

ಅವರು ಎಲ್ಲಿಗೆ ಹೊರಟರೂ ಆ ದುಪ್ಪಟಿ ಜೊತೆಗೆ ಹೊರಡಬೇಕಿತ್ತು. ದಾರಿಯಲ್ಲಿ ತಾವು ಸತ್ತರೆ ಹೊದಿಸುವುದಕ್ಕೆ.

ಹೊಸದಾಗಿ ಬಂದ ಸೊಸೆ ಇದನ್ನು ಮೊದಲ ಸಲ ಕೇಳಿ ಬೆಚ್ಚಿಬಿದ್ದಿದ್ದಳು. ಅತ್ತೆ ನಕ್ಕುಬಿಟ್ಟಿದ್ದರು.

"ಇದರಲ್ಲಿ ಹೆದರೋಕೆ ಏನಿದೆ? ಪರಸ್ಥಳದಲ್ಲಿ ಹೋದೋರಿಗೆ ಏನು ಹೊದಿಸ್ತಾರೆ ಗೊತ್ತಾ ನಿನಗೆ? ಕೈಗೆ ಸಿಕ್ಕಿದ್ದು. ಕಿಟಕಿ ಪರದೆ ಹೊದಿಸಿ ತಂದಿದ್ದು ನೋಡಿದೀನಿ, ಗೋಣಿಚೀಲ ಹೊದಿಸಿ ತಂದಿದ್ದೂ ನೋಡಿದೀನಿ. ಆ ಬಟ್ಟೆನೆಲ್ಲ ಒಗೆದೋಳು ನಾನು. ಯಾರದೋ ಬಟ್ಟೆ ಕೆಳಗೆ ಮಲಗೋಕೆ ನನಗೆ ಮನಸ್ಸಿಲ್ಲಮ್ಮ."

ಹೇಳಿ, ಆ ದುಪ್ಪಟಿಯನ್ನು ತಮ್ಮ ಎದೆಯವರೆಗೆ ಎಳೆದು ತೋರಿಸಿದ್ದರು. "ಇಲ್ಲಿ ತನಕ ಇದ್ರೆ ರೋಗಿ." ಆಮೇಲೆ ಕೈಯನ್ನು ಹಣೆಯವರೆಗೆ ಎತ್ತಿದ್ದರು. "ಇಲ್ಲಿ ತನಕ ಬಂತು ಅಂದ್ರೆ ಮುಗೀತು. ವಾರ್ಡಿನ ಬಾಗಿಲಲ್ಲಿ ನಿಂತು ಬಟ್ಟೆ ಲೆಕ್ಕ ಹಾಕುವಾಗ ನಾನು ಮುಖ ನೋಡ್ತಾನೇ ಇರ್ಲಿಲ್ಲ, ಅಂಚು ಎಲ್ಲಿದೆ ಅಂತ ನೋಡ್ತಿದ್ದೆ."

ಸೊಸೆಗೆ ಆವತ್ತು ಊಟ ಸೇರಲಿಲ್ಲ.

ಈಗ ನಾದಿನಿಗೆ ಹೆರಿಗೆಯಾಗಿತ್ತು. ಬೆಟ್ಟದ ಆಚೆಯ ಊರು. ಗಂಡನಿಗೆ ರಜೆ ಸಿಗಲಿಲ್ಲ, ಅತ್ತೆ ಸೊಸೆ ಇಬ್ಬರೇ ಹೊರಡುವುದೆಂದಾಯಿತು. ಬೆಟ್ಟ ಹತ್ತುವುದು ಪುಟ್ಟ ಬಸ್ಸು, ಸಾಮಾನು ಇಡಲು ಜಾಗವಿಲ್ಲ, ತಲೆಗೊಂದು ಕೈಬ್ಯಾಗು, ಅದೂ ಕಾಲಿನ ಬಳಿ. ಸೊಸೆಗೆ ಇಂಥ ಸವಾಲೆಂದರೆ ಹಬ್ಬ. ಅತ್ತೆಯ ಬ್ಯಾಗನ್ನೂ ತಾನೇ ಹಾಕಿಕೊಡುತ್ತೇನೆಂದು ಕೂತಳು. ಮಗುವಿನ ಬಟ್ಟೆ, ಅತ್ತೆಯ ಬಟ್ಟೆ, ಮಾತ್ರೆ, ಚಪ್ಪಲಿ ಎಲ್ಲವೂ ಹೇಳಿದ ಮಾತು ಕೇಳಿಕೊಂಡು ಒಳಗೆ ಸೇರಿದವು. ಕೊನೆಗೆ ದುಪ್ಪಟಿ ಬಂತು. ಅರ್ಧ ಬ್ಯಾಗು ಅದಕ್ಕೇ ಬೇಕು.

"ಸುರುಳಿ ಸುತ್ತಲಾ ಅತ್ತೆ?"

"ಸುತ್ತಬೇಡ, ಸುಕ್ಕು ಬೀಳುತ್ತೆ. ನಾಲ್ಕು ಮಡಿಕೆ ಮಾಡಿ ಎಲ್ಲದಕ್ಕೂ ಮೇಲೆ ಇಡು. ಬೇಕಾದಾಗ ಕೈಗೆ ಸಿಗಬೇಕು. ಆ ಹೊತ್ತಲ್ಲಿ ಬ್ಯಾಗು ಕೆದಕುತ್ತಾ ಕೂರೋಕಾಗುತ್ತಾ?"

ಸೊಸೆ ಹೂಂ ಎಂದಳು, ಇಟ್ಟಳು, ಜಿಪ್ಪು ಹಾಕಿದಳು. ಆದರೆ ಅವಳ ಮನಸ್ಸಿಗೆ ಸಮಾಧಾನವಿಲ್ಲ. ಅತ್ತೆಗೆಂದೇ ಅಂಗಡಿಯಿಂದ ಕತ್ತಿನ ದಿಂಬು ತಂದಿದ್ದಳು. ಕಾಲು ಊದಿಕೊಳ್ಳದ ಹಾಗೆ ಕಾಲಡಿಗೆ ಇಡುವ ಮೆತ್ತೆ ತಂದಿದ್ದಳು. ಬೆಟ್ಟದ ಚಳಿಗೆ ಉಣ್ಣೆಯ ಶಾಲು ಬೇಡವೇ? ಬದುಕಿರುವ ಅತ್ತೆಗೆ ಬೇಕಾದ ಮೂರು ವಸ್ತು ಹೊರಗೆ, ಸತ್ತ ಮೇಲೆ ಬೇಕಾಗುವ ಒಂದು ವಸ್ತು ಒಳಗೆ. ಇದು ಯಾವ ನ್ಯಾಯ? ಇದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ಹೇಳಿಕೊಳ್ಳದ ಕಾರಣ ಇನ್ನೊಂದಿತ್ತು. ಹುಟ್ಟಿ ಇನ್ನೂ ಕಣ್ಣು ನೆಟ್ಟಗೆ ಬಿಡದ ಕೂಸನ್ನು ನೋಡಲು ಹೋಗುವಾಗ ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಕಾಲ ಬಳಿ ಇಟ್ಟುಕೊಂಡು ಕೂರುವುದಕ್ಕೆ ಅವಳಿಗೆ ಭಯ.

ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದರು. ಸೊಸೆ ಜಿಪ್ಪು ತೆಗೆದು ದುಪ್ಪಟಿ ಹೊರಗೆಳೆದು, ಬೀರುವಿನ ಒಳಕ್ಕೆ ತಳ್ಳಿ, ಆ ಜಾಗದಲ್ಲಿ ದಿಂಬು, ಮೆತ್ತೆ, ಶಾಲು ಕೂರಿಸಿದಳು. ಬ್ಯಾಗು ಎಷ್ಟು ಚೆನ್ನಾಗಿ ಮುಚ್ಚಿತೆಂದರೆ ತನ್ನ ಕೈಗೆ ತಾನೇ ಶಹಬ್ಬಾಸ್ ಅಂದುಕೊಂಡಳು. ಹೇಳಿದರೆ ರಂಪವಾಗುತ್ತದೆ, ಊರು ತಲುಪಿದ ಮೇಲೆ ನಗುತ್ತಾ ಹೇಳಿದರಾಯಿತು ಎಂದುಕೊಂಡಳು.

ಬಸ್ಸು ಹೊರಟಾಗ ಎಲ್ಲವೂ ಚೆಂದವಿತ್ತು. ಅತ್ತೆಗೆ ಕಿಟಕಿ ಪಕ್ಕದ ಸೀಟು. ಕತ್ತಿಗೆ ದಿಂಬು, ಕಾಲಡಿಗೆ ಮೆತ್ತೆ, ಮೈಮೇಲೆ ಶಾಲು. ಅತ್ತೆ ಮಹಾರಾಣಿಯ ಹಾಗೆ ಒರಗಿ ಕೂತು, "ಪರವಾಗಿಲ್ಲ ಕಣೇ, ಇಷ್ಟು ಸುಖವಾಗಿ ನಾನು ಯಾವತ್ತೂ ಬಸ್ಸಲ್ಲಿ ಕೂತಿರ್ಲಿಲ್ಲ" ಎಂದರು. ಸೊಸೆ ಉಬ್ಬಿಹೋದಳು. ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ತಿರುವುಗಳು ಶುರುವಾದವು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಡ್ರೈವರು ತಿರುವಿಗೊಮ್ಮೆ ಹಾರ್ನು ಒತ್ತುತ್ತಾ, ಎದುರಿನ ಗಾಡಿಗಳಿಗೆ ಬೈಯುತ್ತಾ ಓಡಿಸುತ್ತಿದ್ದ. ಸೊಸೆ ಕಂಬಿ ಹಿಡಿದು ಕೂತಳು. ಅತ್ತೆ ಮಾತ್ರ ಕೆಳಗಿನ ಪ್ರಪಾತವನ್ನು ಅಂಗಳ ನೋಡುವ ಹಾಗೆ ನೋಡುತ್ತಿದ್ದರು.

"ನಿಮಗೆ ಹೆದರಿಕೆ ಆಗಲ್ವಾ ಅತ್ತೆ?"

"ನನಗ್ಯಾಕೆ ಹೆದರಿಕೆ? ನನ್ನ ಬಟ್ಟೆ ಜೊತೆಗಿದೆ." ಅವರು ಕಾಲಿನಿಂದ ಬ್ಯಾಗನ್ನು ಮೆಲ್ಲಗೆ ತಟ್ಟಿದರು. "ಅದೊಂದು ಗುಟ್ಟು ಕಣೇ. ಯಾರಿಗೂ ಹೇಳಿಲ್ಲ, ನಗ್ತಾರೆ ಅಂತ. ಸಾವು ಬಂದು ಬ್ಯಾಗು ನೋಡುತ್ತೆ. ಓ, ಇವಳು ತಯಾರಾಗಿ ಕೂತಿದಾಳೆ, ಎಲ್ಲಿಗೆ ಹೋಗ್ತಾಳೆ, ಆಮೇಲೆ ಬಂದರಾಯ್ತು ಅಂತ ಮುಂದಕ್ಕೆ ಹೋಗುತ್ತೆ. ಅದಕ್ಕೆ ತಯಾರಿಲ್ಲದೋರನ್ನ ಹಿಡಿಯೋದೇ ಚಟ. ನಾನು ಕಂಡಿದೀನಲ್ಲ, ಆಸ್ಪತ್ರೆಗೆ ಬರೋರೆಲ್ಲ ಅವಸರದಲ್ಲಿ ಬಂದೋರೇ. ಒಂದು ಕಾಲಲ್ಲಿ ಚಪ್ಪಲಿ ಇರ್ತಿರ್ಲಿಲ್ಲ ಎಷ್ಟೋ ಜನಕ್ಕೆ."

ಇದೆಲ್ಲ ಅಜ್ಜಿಯರ ಮಾತು, ಇದಕ್ಕೆ ತಲೆ ಕೆಡಿಸಿಕೊಳ್ಳಬಾರದು ಎಂದು ಸೊಸೆಯ ಬುದ್ಧಿ ಹೇಳಿತು. ಮನಸ್ಸು ಕೇಳಲಿಲ್ಲ. ಅವಳಿಗೆ ಮನೆಯ ಬೀರು ಕಣ್ಣಿಗೆ ಕಟ್ಟಿತು, ಅದರೊಳಗೆ ಕತ್ತಲಲ್ಲಿ ಕೂತ ಬಿಳಿ ಬಟ್ಟೆ ಕಂಡಿತು. ಅಲ್ಲಿಂದ ಮುಂದೆ ಪ್ರತಿ ತಿರುವೂ ಬೇರೆಯಾಯಿತು. ಡ್ರೈವರು ಬ್ರೇಕು ಹಾಕಿದಾಗ ಅದು ಹಿಡಿಯಲಿಕ್ಕಿಲ್ಲ ಅನ್ನಿಸಿತು. ಬಂಡೆಯ ಮೇಲಿಂದ ಉರುಳಿದ ಪುಟ್ಟ ಕಲ್ಲು ಗಾಜಿಗೆ ಟಣ್ ಎಂದು ತಾಗಿದಾಗ ಅವಳ ಜೀವ ಬಾಯಿಗೆ ಬಂತು. ಬಸ್ಸಿನಲ್ಲಿ ಇಷ್ಟು ಜನರಿದ್ದಾರೆ, ನನ್ನೊಬ್ಬಳ ತಪ್ಪಿಗೆ ಇವರಿಗೆಲ್ಲ ಏನೂ ಮಾಡಬೇಡ ಎಂದು ಯಾರನ್ನು ಎಂದು ತಿಳಿಯದೆ ಬೇಡಿಕೊಂಡಳು. ಹೇಳಿಬಿಡಲೇ? ಈಗ ಹೇಳಿದರೆ ಅತ್ತೆ ಹೆದರುತ್ತಾರೆ. ಹೇಳದಿದ್ದರೆ ತಾನು ಹೆದರಿ ಸಾಯಬೇಕು. ತಾನೇ ಹೆದರುವುದು ವಾಸಿ ಎಂದುಕೊಂಡು ಹಲ್ಲು ಕಚ್ಚಿ ಕೂತಳು.

ಬೆಟ್ಟದ ನೆತ್ತಿಗೆ ಇನ್ನೂ ದೂರವಿರುವಾಗ ಅತ್ತೆ ಶಾಲು ಸರಿಸಿದರು.

"ಯಾಕೋ ಸೆಕೆ."

ಬಸ್ಸಿನಲ್ಲಿ ಎಲ್ಲರೂ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಸೊಸೆ ತಿರುಗಿ ನೋಡಿದಳು. ಅತ್ತೆಯ ಹಣೆಯ ಮೇಲೆ, ಮೂಗಿನ ಮೇಲೆ, ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಮುಖ ಸುಣ್ಣದ ಹಾಗೆ. ಎಡಗೈಯನ್ನು ಬಲಗೈಯಲ್ಲಿ ಒತ್ತಿಕೊಂಡಿದ್ದರು.

"ಏನಾಗ್ತಿದೆ ಅತ್ತೆ?"

"ಏನಿಲ್ಲ. ಎದೆ ಮೇಲೆ ಯಾರೋ ಒದ್ದೆ ಬಟ್ಟೆ ಮೂಟೆ ಇಟ್ಟ ಹಾಗಿದೆ." ಉಸಿರು ಎಳೆದುಕೊಂಡರು. "ಬ್ಯಾಗು ತೆಗಿ. ನನ್ನ ಬಟ್ಟೆ ಕೊಡು, ಮಡಿಲಲ್ಲಿಟ್ಕೊಳ್ತೀನಿ."

ಸೊಸೆ ಬಗ್ಗಿ ಜಿಪ್ಪು ತೆಗೆದಳು, ಒಳಗೆ ಕೈ ಹಾಕಿದಳು, ಇಲ್ಲದ್ದನ್ನು ಹುಡುಕಿದಳು. ಎಷ್ಟು ಹೊತ್ತು ಹುಡುಕಲು ಸಾಧ್ಯ?

"ಅದು ಕೆಳಗೆ ಹೋಗಿಬಿಟ್ಟಿದೆ ಅತ್ತೆ. ಇಳಿದ ಮೇಲೆ ತೆಗೆದುಕೊಡ್ತೀನಿ."

"ಮೇಲೆ ಇಡು ಅಂದಿದ್ನಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸೊಸೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವಳು ಎದ್ದು ಸೀಟುಗಳನ್ನು ಹಿಡಿದುಕೊಂಡು ಮುಂದಕ್ಕೆ ಓಡಿದಳು. ಡ್ರೈವರು ಹಿಂತಿರುಗಿ ಅತ್ತೆಯ ಮುಖವನ್ನು ಒಮ್ಮೆ ನೋಡಿದ. ಮುಂದಿನ ಊರಿನಲ್ಲಿ ಸಣ್ಣ ಆಸ್ಪತ್ರೆ ಇದೆ ಎಂದಷ್ಟೇ ಹೇಳಿ ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಸೊಸೆ ವಾಪಸು ಬಂದು ಅತ್ತೆಯ ಕೈ ಹಿಡಿದಳು. ಆ ಕೈ ಆಗ ತಾನೇ ಹಿಂಡಿದ ಬಟ್ಟೆಯಷ್ಟು ತಣ್ಣಗಿತ್ತು. ನಾನು ತೆಗೆದೆ, ನಾನೇ ತೆಗೆದೆ, ಅದಕ್ಕೇ ಬಂತು. ಇನ್ನು ಬುದ್ಧಿ ಏನು ಹೇಳಿದರೂ ಅವಳ ಕಿವಿಗೆ ಬೀಳುವಂತಿರಲಿಲ್ಲ.

ಆಸ್ಪತ್ರೆ ಎಂದರೆ ಉದ್ದನೆಯ ಒಂದು ಕಟ್ಟಡ, ಮುಂದೆ ಮೆಟ್ಟಿಲು, ಒಳಗೆ ಫಿನಾಯಿಲ್ ವಾಸನೆ. ಡ್ರೈವರು ಮತ್ತು ಇಬ್ಬರು ಪ್ರಯಾಣಿಕರು ಅತ್ತೆಯನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಮಾತ್ರೆ ಅಗಿಯಲು ಕೊಟ್ಟು, ಎದೆಗೆ ತಂತಿಗಳನ್ನು ಅಂಟಿಸಿ, ಯಂತ್ರದಿಂದ ಬಂದ ಕಾಗದ ನೋಡಿ ಸೊಸೆಯನ್ನು ಬಾಗಿಲ ಬಳಿ ಕರೆದಳು.

"ಹೃದಯಾಘಾತ. ಇಲ್ಲಿ ಮಾಡಬಹುದಾದ್ದನ್ನ ಮಾಡಿದೀವಿ. ಕೆಳಗಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಲೇಬೇಕು. ಆಂಬುಲೆನ್ಸ್ ಹೊರಟಿದೆ, ಬರೋ ತನಕ ಅವರು ಗಾಬರಿ ಆಗ್ಬಾರದು. ಏನು ಕೇಳಿದ್ರೂ ಸಮಾಧಾನ ಮಾಡಿ, ಆಯ್ತಾ?"

ಏನು ಕೇಳುತ್ತಾರೆಂದು ಈ ಡಾಕ್ಟರಿಗೆ ಗೊತ್ತಿದ್ದರೆ ಹಾಗೆ ಹೇಳುತ್ತಿದ್ದಳೇ?

ಒಳಗಿನಿಂದ ಅತ್ತೆಯ ದನಿ ಬಂತು. "ಸಿಕ್ತೇನೇ ಬಟ್ಟೆ?"

"ತರ್ತೀನಿ ಅತ್ತೆ, ಬ್ಯಾಗು ಹೊರಗಿದೆ."

ಹೊರಗಿನ ಕಾರಿಡಾರಿನಲ್ಲಿ ಒಂದು ಕಪಾಟು, ಕಪಾಟಿನ ತುಂಬ ಒಗೆದ ಬಿಳಿ ದುಪ್ಪಟಿಗಳು. ಸೊಸೆ ನಿಂತಲ್ಲೇ ನಿಂತಳು. ಆಮೇಲೆ ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಇದ್ದುದರಲ್ಲಿ ದಪ್ಪನೆಯದನ್ನು ಎಳೆದುಕೊಂಡು, ಬೆಂಚಿನ ಮೇಲೆ ಹರಡಿ ಮಡಿಸತೊಡಗಿದಳು. ನಾಲ್ಕು ಮಡಿಕೆ. ಅಂಗಡಿಯಲ್ಲಿ ಕಣ್ಣು ಮುಚ್ಚಿ ಮಡಿಸುವ ಕೈ ಅದು, ಈಗ ಅಂಚಿಗೆ ಅಂಚು ಕೂಡಿಸಲು ಒದ್ದಾಡಿತು. ಒಂದು ಮೂಲೆಯ ನೂಲನ್ನು ಹಲ್ಲಿನಿಂದ ಎಳೆದು ಗಂಟು ಹಾಕಲು ನೋಡಿದಳು, ನೂಲು ಕಿತ್ತುಬಂತು. ಇನ್ನೊಮ್ಮೆ ಎಳೆದಳು. ಅದೂ ಕಿತ್ತುಬಂತು. ಅಷ್ಟರಲ್ಲಿ ಒಳಗೆ ಅತ್ತೆ ಕೆಮ್ಮಿದರು. ಗಂಟಿಲ್ಲದ ದುಪ್ಪಟಿಯನ್ನೇ ಎತ್ತಿಕೊಂಡು ಓಡಿದಳು.

"ತಗೊಳ್ಳಿ ಅತ್ತೆ. ನಿಮ್ಮ ಬಟ್ಟೆ."

ಅತ್ತೆ ಕಣ್ಣು ತೆರೆಯಲಿಲ್ಲ. ದುಪ್ಪಟಿಯ ಮೇಲೆ ಅಂಗೈ ಇಟ್ಟರು. ಅಂಗೈ ನಿಧಾನವಾಗಿ ಅಂಚಿಗೆ ಸರಿಯಿತು, ಅಂಚು ಹಿಡಿದುಕೊಂಡು ಮೂಲೆಗೆ ಹೋಯಿತು. ಬೆರಳುಗಳು ಆ ಮೂಲೆಯನ್ನು ತಡಕಿದವು, ಅದನ್ನು ಬಿಟ್ಟು ಇನ್ನೊಂದು ಮೂಲೆ ಹುಡುಕಿಕೊಂಡು ಹೋದವು. ಸೊಸೆ ಉಸಿರು ಬಿಗಿಹಿಡಿದು ಆ ಬೆರಳುಗಳನ್ನೇ ನೋಡುತ್ತಿದ್ದಳು. ಜೀವಮಾನದಲ್ಲಿ ಅವಳು ಯಾವುದಕ್ಕೂ ಅಷ್ಟು ಹೆದರಿರಲಿಲ್ಲ.

"ಇದು ಯಂತ್ರದ ಹೊಲಿಗೆ" ಎಂದರು ಅತ್ತೆ.

ಸೊಸೆ ಆ ಅಂಚನ್ನು ಅತ್ತೆಯ ಬೆರಳಿನಿಂದ ಬಿಡಿಸಿಕೊಳ್ಳಲು ನೋಡಿದಳು.

"ನನ್ನದು ಎಲ್ಲಿ?"

ಸಮಾಧಾನ ಮಾಡಿ ಎಂದಿದ್ದಳು ಡಾಕ್ಟರು. ಇನ್ನೊಂದು ಸುಳ್ಳು ಹುಡುಕಿದರೆ ಸಿಗುತ್ತಿತ್ತೇನೋ. ಆದರೆ ಬಟ್ಟೆಯ ವಿಷಯದಲ್ಲಿ ಈ ಹೆಂಗಸಿಗೆ ಸುಳ್ಳು ಹೇಳಿ ಬದುಕಿದವರುಂಟೇ? ಸೊಸೆ ಮಂಚದ ಪಕ್ಕ ಕುಸಿದು ಕೂತಳು.

"ಮನೇಲಿದೆ ಅತ್ತೆ. ಬೀರುವಿನಲ್ಲಿ. ನಾನೇ ತೆಗೆದಿಟ್ಟೆ. ದಿಂಬು ಹಿಡೀಲಿಲ್ಲ ಅಂತ ತೆಗೆದೆ. ಅಲ್ಲ, ಅದೂ ಅಲ್ಲ. ಅದನ್ನ ನೋಡಿದ್ರೆ ನನಗೆ ಭಯ. ಮಗು ಹತ್ತಿರಕ್ಕೆ ಅದನ್ನ ತಗೊಂಡು ಹೋಗೋಕೆ ಭಯ ಆಯ್ತು. ನನ್ನಿಂದಾನೇ ಇದೆಲ್ಲ ಆಯ್ತು ಅತ್ತೆ."

ಅತ್ತೆ ಕಣ್ಣು ತೆರೆದರು. ಆ ಕಣ್ಣಿನಲ್ಲಿ ಇದ್ದದ್ದನ್ನು ಸೊಸೆ ಅದುವರೆಗೆ ಕಂಡಿರಲಿಲ್ಲ. ಪ್ರಪಾತವನ್ನು ಅಂಗಳದ ಹಾಗೆ ನೋಡಿದ ಕಣ್ಣು ಈಗ ದೊಡ್ಡ ಅಂಗಡಿಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಕಣ್ಣಾಗಿತ್ತು. ಇಷ್ಟು ವರ್ಷ ಸಾವಿನ ಬಗ್ಗೆ ಮಾಡಿದ ತಮಾಷೆಯೆಲ್ಲ ಆ ದುಪ್ಪಟಿಯ ಧೈರ್ಯದ ಮೇಲೆ ನಿಂತಿತ್ತೆಂದು ಸೊಸೆಗೆ ಆಗ ತಿಳಿಯಿತು. ಅತ್ತೆಗೆ ಹೆದರಿಕೆ ಎಲ್ಲರಿಗಿಂತ ಹೆಚ್ಚೇ ಇತ್ತು. ಅದನ್ನು ಅವರು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು, ಅಷ್ಟೇ.

ಪಕ್ಕದ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು.

"ಹಾಗಾದ್ರೆ ಇವತ್ತು ಹೋಗೋಕಾಗಲ್ಲ" ಎಂದರು ಅತ್ತೆ, ಬಸ್ಸು ರದ್ದಾಯಿತು ಎಂದು ಕೇಳಿದವರ ಹಾಗೆ. "ಬಟ್ಟೆ ಇಲ್ದೆ ಹೇಗೆ ಹೋಗ್ಲಿ? ಮನೆಗೆ ಹೋಗ್ಬೇಕು."

"ಹೋಗೋಣ ಅತ್ತೆ. ಮಗು ನೋಡ್ಕೊಂಡು ಮನೆಗೇ ಹೋಗೋಣ."

ಅತ್ತೆಯ ಮಾತು ಧೈರ್ಯದ್ದು, ಆದರೆ ಅವರ ಕೈ ಸೊಸೆಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಳೆ ಚರ್ಮಕ್ಕೆ ಒತ್ತಿ ನೋವಾಗುತ್ತಿತ್ತು. ಅಷ್ಟರಲ್ಲಿ ನರ್ಸು ಬಂದಳು. ಚಳಿ ಇದೆ, ಹೊದಿಸ್ತೀನಿ ಎಂದು ಆ ಕದ್ದು ತಂದ ದುಪ್ಪಟಿಯನ್ನೇ ಬಿಡಿಸಿ ಕಾಲಿನಿಂದ ಮೇಲಕ್ಕೆ ಎಳೆಯತೊಡಗಿದಳು. ಅಂಚು ಮೊಣಕಾಲು ದಾಟಿತು, ಹೊಟ್ಟೆ ದಾಟಿತು. ಅತ್ತೆ ಅದನ್ನೇ ನೋಡುತ್ತಿದ್ದರು. ಅವರ ಉಸಿರು ಮತ್ತೆ ಏರತೊಡಗಿತು.

"ನೋಡೇ," ಎಂದರು ಪಿಸುಮಾತಿನಲ್ಲಿ, "ಇಲ್ಲಿಂದ ಮೇಲಕ್ಕೆ ಬಿಡ್ಬೇಡ."

ಸೊಸೆ ಎದ್ದು ನಿಂತಳು. ದುಪ್ಪಟಿಯ ಅಂಚನ್ನು ಅತ್ತೆಯ ಎದೆಯ ಬಳಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಬಿಡಲ್ಲ."

ನರ್ಸು ಭುಜದ ತನಕ ಎಳೆಯಲು ನೋಡಿದಳು, ಆಗಲಿಲ್ಲ. ಡಾಕ್ಟರು ಬಂದು ನಾಡಿ ನೋಡುವಾಗ, ಸ್ವಲ್ಪ ಸರಿಯಮ್ಮ ಎಂದಳು. ಸೊಸೆ ಸರಿದಳು, ಮುಷ್ಟಿ ಸರಿಯಲಿಲ್ಲ. ಬೆರಳುಗಳು ಮರಗಟ್ಟಿದವು, ಬೆನ್ನು ನೋಯಿತು. ಯಾವುದೋ ಹುಚ್ಚು ಎಂದು ನರ್ಸು ಅಂದುಕೊಂಡಿರಬಹುದು, ಅಂದುಕೊಳ್ಳಲಿ. ಅತ್ತೆ ಒಮ್ಮೆ ಅಂಚಿನತ್ತ ನೋಡುತ್ತಿದ್ದರು, ಒಮ್ಮೆ ಸೊಸೆಯ ಮುಖದತ್ತ ನೋಡುತ್ತಿದ್ದರು, ಆಮೇಲೆ ಕಣ್ಣು ಮುಚ್ಚುತ್ತಿದ್ದರು. ಮುಚ್ಚಿದಾಗಲೆಲ್ಲ ಸೊಸೆಯ ಪ್ರಾಣ ಹಾರಿಹೋಗುತ್ತಿತ್ತು. ಮುಷ್ಟಿಯ ಕೆಳಗೆ ಎದೆ ಏರಿ ಇಳಿಯುವುದು ತಾಗಿದ ಮೇಲೆ ವಾಪಸು ಬರುತ್ತಿತ್ತು.

ಆಂಬುಲೆನ್ಸು ಬಂತು. ತಳ್ಳುಗಾಡಿಯ ಮಂಚಕ್ಕೆ ಅತ್ತೆಯನ್ನು ಬದಲಾಯಿಸಿದರು.

"ಬಟ್ಟೆ ಬಿಡಿ, ಬೆಲ್ಟು ಹಾಕಬೇಕು" ಎಂದ ಆಂಬುಲೆನ್ಸಿನವನು.

"ನನ್ನ ಕೈ ಮೇಲೇ ಹಾಕಿ" ಎಂದಳು ಸೊಸೆ.

ಅವನು ಅವಳ ಮುಖ ನೋಡಿದ. ಬೆಲ್ಟು ಅವಳ ಮಣಿಕಟ್ಟಿನ ಮೇಲೆ ಹಾದುಹೋಯಿತು. ಕಾರಿಡಾರಿನಲ್ಲಿ ತಳ್ಳುತ್ತಿದ್ದಾಗ ಅವಳು ಪಕ್ಕದಲ್ಲೇ ಬಗ್ಗಿಕೊಂಡು ಓಡಿದಳು. ಡ್ರೈವರು ಬಸ್ಸಿನಿಂದ ಅವರ ಎರಡು ಬ್ಯಾಗು ಇಳಿಸಿಕೊಂಡು ಮೆಟ್ಟಿಲಲ್ಲಿ ನಿಂತಿದ್ದ.

"ಅಮ್ಮ, ಬ್ಯಾಗು" ಎಂದ.

ಬೆಳಿಗ್ಗೆ ಒಂದಿಂಚು ಜಾಗ ಹಾಳಾಗದಂತೆ ತಾನೇ ತುಂಬಿದ್ದ ಆ ಬ್ಯಾಗುಗಳ ಕಡೆಗೆ ಅವಳು ತಿರುಗಿಯೂ ನೋಡಲಿಲ್ಲ. ಆಂಬುಲೆನ್ಸಿನ ಬಾಗಿಲು ಹಾಕಿಕೊಂಡಿತು. ಗಾಡಿ ಇಳಿಜಾರಿಗೆ ತಿರುಗಿದಾಗ ಅತ್ತೆ ಕಣ್ಣು ಬಿಡದೆಯೇ ಕೇಳಿದರು.

"ಎಲ್ಲಿದೆ?"

"ಎದೆ ಹತ್ರಾನೇ ಇದೆ ಅತ್ತೆ" ಎಂದಳು ಸೊಸೆ. "ನಾನು ಹಿಡ್ಕೊಂಡಿದೀನಿ."